ಮೀಟರಿನ ಒಂದು ಪಾಯಿಂಟ್ ಒಂದು

ನಮ್ಮ ಮಾವನವರಿಗೆ ಮಾತು ಬರುತ್ತದೆ ಎಂದು ನನಗೆ ಗೊತ್ತಾಗಿದ್ದು ಮದುವೆಯಾಗಿ ಎರಡು ವಾರ ಕಳೆದ ಮೇಲೆ. ಒಂದು ಭಾನುವಾರ ಬೆಳಿಗ್ಗೆ ಕಾರವಾರದ ಹತ್ತಿರ ಕಿನ್ನರ ಎಂಬ ಊರಿನ ಅವರ ಮನೆಯ ಜಗಲಿಯ ಮೂಲೆಕೋಣೆಯಿಂದ ಗಟ್ಟಿ ನಗು ಕೇಳಿಸಿತು. ಹಾಗಲಕಾಯಿಗೆ ಹುಳ ಬಿದ್ದರೆ ಏನು ಮಾಡಬೇಕು ಎಂದು ಯಾರೋ ಇಂಗ್ಲಿಷು, ಹಿಂದಿ, ಕನ್ನಡ ಮೂರನ್ನೂ ಕಲಸಿ ವಿವರಿಸುತ್ತಿದ್ದರು. ನೆಂಟರು ಬಂದಿದ್ದಾರೆ ಎಂದುಕೊಂಡು ನಾನು ಮೂರು ಲೋಟ ಚಾ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಹೋದೆ. ನೋಡಿದರೆ ಒಳಗೆ ಮಾವ ಒಬ್ಬರೇ. ಎದುರಿಗೆ ಕಬ್ಬಿಣದ ಪೆಟ್ಟಿಗೆಯಂಥ ರೇಡಿಯೋ, ಕೈಯಲ್ಲಿ ಮೈಕು. ನನ್ನನ್ನು ಕಂಡದ್ದೇ ತಡ, ನಗು ನಿಲ್ಲಿಸಿ, ಬಾಗಿಲಾಚೆ ನೋಡುತ್ತ ಅತ್ತೆಗೆ ಕೂಗಿ ಹೇಳಿದರು:

"ಏ, ಅವ್ಳಿಗೆ ಹೇಳು, ಚಾ ಒಂದೇ ಸಾಕು."

ಮಾವ ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಸಮುದ್ರದ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ಮಾಡಿಸಿಕೊಂಡು ಹ್ಯಾಮ್ ಆದರು. ದಿನಾ ಬೆಳಿಗ್ಗೆ ಒಂದು ತಾಸು ಅವರು ಕಂಡರಿಯದ ಊರುಗಳ ಕಂಡರಿಯದ ಮನುಷ್ಯರ ಜೊತೆ ಹರಟುತ್ತಿದ್ದರು. ಆ ತಾಸು ಮುಗಿಯಿತೋ, ಬಾಯಿಗೆ ಬೀಗ. ಅದರಲ್ಲೂ ಸೊಸೆಯ ಜೊತೆ ನೇರವಾಗಿ ಮಾತಾಡುವುದು ಆ ಮನೆಯ ರೂಢಿಯಲ್ಲೇ ಇರಲಿಲ್ಲ. ಅವರಪ್ಪನೂ ಹಾಗೇ ಇದ್ದರಂತೆ. ಮಾವನ ಮಾತು ಅತ್ತೆಯನ್ನು ಸುತ್ತಿಕೊಂಡು ನನ್ನ ಬಳಿ ಬರಬೇಕು, ನನ್ನ ಉತ್ತರ ಅತ್ತೆಯನ್ನು ಸುತ್ತಿಕೊಂಡು ಅವರ ಬಳಿ ಹೋಗಬೇಕು. ಮೂವರೂ ಒಂದೇ ಜಗಲಿಯಲ್ಲಿ ಕೂತಿದ್ದರೂ ಅಷ್ಟೇ. "ಅವ್ಳಿಗೆ ಹೇಳು, ಅನ್ನ ಸಾಕು." "ಅವ್ಳಿಗೆ ಕೇಳು, ಬಸ್ಸು ಎಷ್ಟೊತ್ತಿಗೆ." ಫೋನು ಮಾಡಿದರೂ ನನ್ನ ದನಿ ಕೇಳಿದ ಕೂಡಲೇ "ಹಾಂ, ತಡಿ" ಎಂದು ಅತ್ತೆಯ ಕೈಗೆ ದಾಟಿಸುತ್ತಿದ್ದರು.

ನನಗೆ ಇದು ಬಹಳ ಬೇಜಾರಿನ ವಿಷಯವಾಗಿತ್ತು. ನಾನು ಅಂಕೋಲೆಯ ಹುಡುಗಿ. ನನ್ನಪ್ಪ ಊಟಕ್ಕೆ ಕೂತರೆ ಒಂದು ಬಂಗಡೆಯ ಮುಳ್ಳು ಬಿಡಿಸುವಷ್ಟರಲ್ಲಿ ಊರ ಸುದ್ದಿಯೆಲ್ಲ ಹೇಳಿ ಮುಗಿಸುವವರು. ಅಂಥ ಮನೆಯಿಂದ ಬಂದವಳಿಗೆ ಈ ಮೌನ ಎಂದರೆ, ಎಲ್ಲೋ ನಾನೇ ಏನೋ ತಪ್ಪು ಮಾಡಿದ್ದೇನೆ ಅನಿಸುತ್ತಿತ್ತು. ನಮ್ಮನೆಯವರ ಹತ್ತಿರ ಹೇಳಿಕೊಂಡರೆ, "ಅಪ್ಪ ನನ್ನ ಹತ್ರನೂ ಹಂಗೇ ಮಾರಾಯ್ತಿ" ಎಂದು ನಕ್ಕು ಪೇಪರು ಬಿಡಿಸುತ್ತಿದ್ದರು.

ಮುಂದೆ ನನಗೆ ಅಂಕೋಲೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು, ಅಲ್ಲೇ ಬೊಬ್ರುವಾಡದಲ್ಲಿ ಬಾಡಿಗೆ ಮನೆ ಮಾಡಿದೆವು. ಕಿನ್ನರಕ್ಕೆ ಹೋಗುವುದು ರಜೆಗೆ ಮಾತ್ರ ಎಂದಾಯಿತು. ಆಗ ನನಗೊಂದು ಹಠ ಹುಟ್ಟಿತು. ಗುರುತಿಲ್ಲದವನ ಹತ್ತಿರ ಹಾಗಲಕಾಯಿಯ ಬಗ್ಗೆ ಮುಕ್ಕಾಲು ತಾಸು ಮಾತಾಡುವ ಈ ಮನುಷ್ಯ ನನ್ನ ಹತ್ತಿರ ಎರಡು ಮಾತಾದರೂ ಆಡಲೇಬೇಕು. ಅವರು ಮಾತಾಡುವ ಜಾಗ ಗಾಳಿಯಲ್ಲಿದ್ದರೆ ನಾನು ಅಲ್ಲಿಗೇ ಹೋಗುತ್ತೇನೆ. ಹ್ಯಾಮ್ ಪರೀಕ್ಷೆಯ ಪುಸ್ತಕ ತರಿಸಿ ಓದಲು ಕೂತೆ. ಅದರಲ್ಲೊಂದು ನಿಯಮ ಕಣ್ಣಿಗೆ ಬಿತ್ತು: ಮೂರನೆಯವರ ಮಾತನ್ನು ಹ್ಯಾಮ್‌ಗಳು ದಾಟಿಸುವಂತಿಲ್ಲ. ಅದನ್ನು ಓದಿದ ದಿನ ನಾನು ಪುಸ್ತಕಕ್ಕೆ ಕೈಮುಗಿದೆ. ನಡುವೆ ಅತ್ತೆಯನ್ನು ನಿಲ್ಲಿಸಲು ಕಾನೂನೇ ಬಿಡುವುದಿಲ್ಲ ಎಂದ ಮೇಲೆ ಇನ್ನೇನು ಬೇಕು!

ಪರೀಕ್ಷೆಗೆ ಬೇಕಾದ, ಕುಟ್ಟಿ ಕಳಿಸುವ ಮೋರ್ಸ್ ಸಂಕೇತ ಕಲಿತದ್ದು ಶಾಲೆಯಲ್ಲಿ. ಮಕ್ಕಳು ಪರೀಕ್ಷೆ ಬರೆಯುವಾಗ ನಾನು ಮೇಜಿನ ಮೇಲೆ ಸೀಮೆಸುಣ್ಣದಿಂದ ಕುಟ್ಟುತ್ತಿದ್ದೆ. ಅಕ್ಕೋರಿಗೆ ಸಿಟ್ಟು ಬಂದಿದೆ ಎಂದು ತಿಳಿದು ಆ ವರ್ಷ ಯಾರೂ ನಕಲು ಮಾಡಲಿಲ್ಲ. ಗೋವಾಕ್ಕೆ ಹೋಗಿ ಪರೀಕ್ಷೆ ಬರೆದು ಬಂದೆ. ಆಮೇಲೆ ಪೊಲೀಸ್ ವಿಚಾರಣೆ. ಬಂದ ಪೇದೆ ಬಹಳ ಒಳ್ಳೆಯವನು. ಎಲ್ಲ ಬರೆದುಕೊಂಡು, ಹೋಗುವ ಮುಂಚೆ ಮೆಲ್ಲಗೆ, "ಅಕ್ಕೋರೇ, ಇದ್ರಲ್ಲಿ ಧಾರಾವಾಹಿ ಬತ್ತದ್ಯಾ?" ಎಂದು ಕೇಳಿದ. ಇಲ್ಲ ಎಂದಾಗ ನನ್ನ ಬಗ್ಗೆ ಅವನಿಗೆ ಕನಿಕರವೇ ಆಯಿತು. ಲೈಸೆನ್ಸ್ ದಿಲ್ಲಿಯಿಂದ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು.

ಸುದ್ದಿ ಕೇಳಿ ಮಾವ ಏನೂ ಹೇಳಲಿಲ್ಲ. ಆದರೆ ಮುಂದಿನ ವಾರ ನಮ್ಮನೆಯವರು ಕಿನ್ನರದಿಂದ ಬರುವಾಗ ಗೋಣಿಚೀಲದಲ್ಲಿ ಸುತ್ತಿದ ಒಂದು ಭಾರದ ಪೆಟ್ಟಿಗೆಯನ್ನು ಹೊತ್ತು ತಂದರು. ಮಾವ ತಾವೇ ಕಟ್ಟಿದ ವಾಲ್ವಿನ ಹಳೇ ಸೆಟ್ಟು. ಮೇಲೆ ಒಂದು ಚೀಟಿ ಅಂಟಿಸಿತ್ತು. "ಒಳಗೆ ಕೈ ಹಾಕಬಾರದು. ಹೈ ವೋಲ್ಟೇಜ್." ಅವರು ನನಗೆ ನೇರವಾಗಿ ಬರೆದ ಮೊದಲ ಪತ್ರ ಅದು. ನಾನು ಅದನ್ನು ಹರಿಯದೆ ಬಿಡಿಸಿ ಪುಸ್ತಕದೊಳಗೆ ಇಟ್ಟುಕೊಂಡೆ.

ಸೆಟ್ಟು ಬಂದ ಮೇಲೆ ಆಂಟೆನಾ. ಎರಡು ಕಡೆಗೆ ಹತ್ತು ಹತ್ತು ಮೀಟರ್ ತಾಮ್ರದ ತಂತಿ, ನಡುವೆ ಕೇಬಲ್ ಇಳಿಬಿಡಬೇಕು. ಮಾಡಿದ್ದು ನಾನೇ. ಕಾಯಿ ಕೊಯ್ಯಲು ಬಂದವನ ಕೈಯಿಂದ ಒಂದು ತುದಿಯನ್ನು ತೆಂಗಿನ ಮರಕ್ಕೂ ಇನ್ನೊಂದನ್ನು ಮಾವಿನ ಮರಕ್ಕೂ ಕಟ್ಟಿಸಿದೆ. ಅವನು ಮರದ ಮೇಲಿಂದಲೇ ಕೇಳಿದ: "ಅಕ್ಕೋರೇ, ಬಟ್ಟೆ ಒಣಗ್ಸುಕೆ ಇಷ್ಟು ಎತ್ರ ಎಂತಕ್ಕೆ?"

ಕೇಬಲ್ಲಿನ ಜವಾಬ್ದಾರಿ ನಮ್ಮನೆಯವರದು. ಅವರಿಗೆ ಕಾರವಾರದ ಬಂದರಿನಲ್ಲಿ ಗೆಳೆಯರು ಬಹಳ. ಯಾವುದೋ ಟ್ರಾಲರಿನ ವೈರ್‌ಲೆಸ್ಸಿಗೆ ಹಾಕಿದ್ದ ಕೇಬಲ್ಲು, ದೋಣಿಯವರು ಹೊಸದು ಹಾಕಿಕೊಂಡು ಇದನ್ನು ಬಿಚ್ಚಿಟ್ಟಿದ್ದರಂತೆ. ಪುಕ್ಕಟೆ ಸಿಕ್ಕಿತು ಎಂದು ಸುರುಳಿ ಮಾಡಿಕೊಂಡು ತಂದರು. ಮೈಮೇಲೆ ಮೀನಿನ ಸಿಪ್ಪೆ ಅಂಟಿತ್ತು, ವಾಸನೆ ಬೇರೆ. ನಾವಿಬ್ಬರೂ ಬಾವಿಕಟ್ಟೆಯಲ್ಲಿ ಕೂತು ಅದನ್ನು ಸಾಬೂನು ಹಾಕಿ ತಿಕ್ಕಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದೆವು. ಒಣಗಿದ ಮೇಲೆ ಹೊಸ ಕೇಬಲ್ಲಿನ ಹಾಗೆ ಕರ್ರಗೆ ಮಿಂಚಿತು. "ಅಂಗಡಿಯದೇ ಅಂಬಂಗದೆ ನೋಡು" ಎಂದು ಅವರು ಬೀಗಿದರು. ನಾನೂ ಹೌದೆಂದೆ.

ಅದೇ ಬಂದರಿನ ಹತ್ತಿರ ದೋಣಿಗಳ ಸೆಟ್ಟು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಮೀಟರು ಕೊಂಡೆ. ಅಂಗಡಿಯಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ದಿನಾ ಉಡುವ ಸೀರೆಯೊಂದರ ಬೆಲೆಗೆ ಬಂತು. ಅಂಗೈಯಗಲದ ಡಬ್ಬಿ, ಒಂದು ಮುಳ್ಳು, ಒಂದು ತಿರುಗಣೆ, ಒಂದು ಗುಂಡಿ. ಸೆಟ್ಟಿಗೂ ಕೇಬಲ್ಲಿಗೂ ನಡುವೆ ಅದನ್ನು ಸಿಕ್ಕಿಸಬೇಕು. ಗುಂಡಿಯನ್ನು 'ಹೋಗುವ' ಕಡೆಗಿಟ್ಟು, ಮೈಕಿನ ಸ್ವಿಚ್ ಒತ್ತಿ, ತಿರುಗಣೆಯಿಂದ ಮುಳ್ಳನ್ನು ಕೊನೆಯ ಗೆರೆಗೆ ತರಬೇಕು. ಆಮೇಲೆ ಗುಂಡಿಯನ್ನು 'ಮರಳುವ' ಕಡೆಗೆ ಹಾಕಿದರೆ, ಹೋದದ್ದರಲ್ಲಿ ಎಷ್ಟು ವಾಪಸ್ಸು ಬಂತು ಎಂದು ಮುಳ್ಳು ತೋರಿಸುತ್ತದೆ. ಮೂರು ಎಂದು ತೋರಿಸಿದರೆ ಕಾಲು ಭಾಗ ವಾಪಸ್ಸು ಬಂದಿದೆ ಎಂದರ್ಥ, ತಂತಿಯ ಅಳತೆ ಸರಿಯಿಲ್ಲ. ಒಂದು ಎಂದರೆ ಏನೂ ವಾಪಸ್ಸು ಬಂದಿಲ್ಲ. ಒಂದೂವರೆ ಬಂದರೆ ಸಮಾಧಾನ ಪಡಬೇಕು ಎಂದು ಪುಸ್ತಕ ಹೇಳಿತ್ತು.

ನನಗೆ ಮೊದಲ ಸಲವೇ ಒಂದು ಪಾಯಿಂಟ್ ಒಂದು ಬಂತು!

ನಂಬಲಾಗದೆ ಮತ್ತೊಮ್ಮೆ ನೋಡಿದೆ. ಒಂದು ಪಾಯಿಂಟ್ ಒಂದು. ಎಲ್ಲರೂ ತಿಂಗಳುಗಟ್ಟಲೆ ತಂತಿ ಕತ್ತರಿಸಿ, ಜೋಡಿಸಿ, ಮರ ಹತ್ತಿ ಇಳಿದು ಒದ್ದಾಡುವ ಕೆಲಸವನ್ನು ನಾನು ಒಂದೇ ಏಟಿಗೆ ಮುಗಿಸಿದ್ದೆ. ಅಂದು ಸಂಜೆ ಕಡಲೆಬೇಳೆ ಪಾಯಸ ಮಾಡಿದೆ, ನೆರೆಮನೆಗೂ ಕೊಟ್ಟೆ. ಕಾರಣ ಕೇಳಿದವರಿಗೆ "ಒಂದು ಪಾಯಿಂಟ್ ಒಂದು" ಎಂದೆ. ಅವರು ಅದನ್ನು ಏನೆಂದು ತಿಳಿದುಕೊಂಡರೋ, ನಾಲ್ಕು ದಿನ ನನ್ನನ್ನು ಬಾವಿಯಿಂದ ನೀರೆತ್ತಲು ಬಿಡಲಿಲ್ಲ.

ಮರುದಿನ ಭಾನುವಾರ. ಸ್ನಾನ ಮಾಡಿ ಒಳ್ಳೆಯ ಸೀರೆಯುಟ್ಟು ಸೆಟ್ಟಿನ ಮುಂದೆ ಕೂತೆ. ಹೊತ್ತಿಗೆ ಸರಿಯಾಗಿ ಮಾವನ ದನಿ ಬಂತು. ಸ್ವಲ್ಪ ಸಣ್ಣಗಿದ್ದರೂ ಸ್ಪಷ್ಟವಾಗಿತ್ತು. ಅಂಕೋಲೆಗೂ ಕಾರವಾರಕ್ಕೂ ನಡುವೆ ಗುಡ್ಡಗಳಿದ್ದರೂ ಈ ಅಲೆ ನೆಟ್ಟಗೆ ಮೇಲೆ ಹೋಗಿ ಆಕಾಶಕ್ಕೆ ತಾಗಿ ಕೆಳಗೆ ಬೀಳುತ್ತದೆ, ಗುಡ್ಡ ಲೆಕ್ಕಕ್ಕೆ ಬರುವುದಿಲ್ಲ. ಅವರು ಮಾತು ಮುಗಿಸುವುದನ್ನೇ ಕಾದು, ಗಾಳಿಯಲ್ಲಿ ನನ್ನ ಹೆಸರಾದ ಕಾಲ್‌ಸೈನ್ ಹೇಳಿ ಅವರನ್ನು ಕರೆದೆ. ಸ್ವಿಚ್ ಬಿಟ್ಟೆ. ಬರೀ ಸುಯ್ ಸದ್ದು. ಮತ್ತೆ ಕರೆದೆ. ಮಾವ ಯಾವುದೋ ಊರಿನವರಿಗೆ ನಮಸ್ಕಾರ ಹೇಳಿ ಸುಮ್ಮನಾದರು.

ಹೀಗೆ ಒಂದು ಭಾನುವಾರವಲ್ಲ, ಎಂಟು ಭಾನುವಾರ. ಅವರ ಮಾತು ನನಗೆ ಕೇಳುತ್ತದೆ, ನನ್ನ ಮೀಟರು ಎಲ್ಲವೂ ಹೊರಗೆ ಹೋಗಿದೆ ಎನ್ನುತ್ತದೆ. ಹಾಗಾದರೆ ಉಳಿದ ಅರ್ಥ ಒಂದೇ. ಕೇಳಿಯೂ ಕೇಳದವರ ಹಾಗೆ ಇದ್ದಾರೆ. ಗಾಳಿಯಲ್ಲೂ ಸೊಸೆಗೆ ಉತ್ತರ ಕೊಡುವುದಿಲ್ಲ. ಮೂರು ವರ್ಷ ಓದಿ, ಕುಟ್ಟಿ, ಅಲೆದು ಮಾಡಿಕೊಂಡದ್ದೆಲ್ಲ ಇಷ್ಟಕ್ಕಾ ಎಂದು ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನಮ್ಮನೆಯವರು, "ಅಪ್ಪ ಅಂಥವನಲ್ಲ, ಆಂಟೆನಾ ನೋಡು" ಎಂದರೆ ಮೀಟರನ್ನು ಅವರ ಮುಖಕ್ಕೆ ಹಿಡಿದು, "ಇದ್ರಲ್ಲಿ ಎಂತ ಅದೆ ಓದಿ" ಎನ್ನುತ್ತಿದ್ದೆ. ನಡುವೆ ಒಂದು ಗಾಳಿಮಳೆಗೆ ತೆಂಗಿನ ಗರಿ ಬಿದ್ದು ತಂತಿಯ ಒಂದು ಕೈ ಹರಿದು ದಾಸವಾಳದ ಬೇಲಿಯ ಮೇಲೆ ಬಿತ್ತು. ಆಗಲೂ ಮೀಟರು ಒಂದು ಪಾಯಿಂಟ್ ಒಂದನ್ನೇ ತೋರಿಸಿತು. ಅರ್ಧ ಹರಿದರೂ ಜಗ್ಗದ ಆಂಟೆನಾ ಎಂದು ನಾನು ಇನ್ನಷ್ಟು ಹೆಮ್ಮೆಪಟ್ಟು, ಹರಿದ ಕೈಯನ್ನು ಮತ್ತೆ ಜೋಡಿಸಿ ಕಟ್ಟಿಸಿದೆ. ಬಿಸಿನೀರಿಗೂ ತಣ್ಣೀರಿಗೂ ಒಂದೇ ಅಂಕೆ ತೋರಿಸುವ ಥರ್ಮಾಮೀಟರನ್ನು ನಂಬಬೇಡಿ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದವಳು ನಾನೇ.

ಅಕ್ಟೋಬರ್ ರಜೆಗೆ ಕಿನ್ನರಕ್ಕೆ ಹೋದೆವು. ಹೋದವಳು ಮುಖ ಊದಿಸಿಕೊಂಡೇ ಇದ್ದೆ. ಮಾವನಿಗೆ ಎಂದಿನಂತೆ ಮೂರು ಚಮಚ ಸಕ್ಕರೆ ಹಾಕಿ ಚಾ ಕೊಟ್ಟೆ, ಆದರೆ ಲೋಟವನ್ನು ಸ್ವಲ್ಪ ಕುಕ್ಕಿಯೇ ಇಟ್ಟೆ. ಮದುವೆಯಾದ ಹೊಸತರಲ್ಲಿ ಯಾರೋ ಮಾವನಿಗೆ ಸಿಹಿ ಇಷ್ಟ ಎಂದಿದ್ದರು, ಅಂದಿನಿಂದ ಮೂರು ಚಮಚ ತಪ್ಪಿಸಿದವಳಲ್ಲ. ಅಡಿಗೆಮನೆಯಲ್ಲಿ ಅತ್ತೆ ಬಂಗಡೆಗೆ ಮಸಾಲೆ ಸವರುತ್ತಿದ್ದರು. ನನ್ನ ಮುಖ ನೋಡಿ ಕೇಳಿದರು:

"ಎಂತ ಆತೇ ನಿಂಗೆ?"

ನಾನು ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿದೆ. ಎಂಟು ವಾರ ಕರೆದೆ, ಒಂದು ಸಲ ಓಗೊಡಲಿಲ್ಲ, ನಾನು ಅಷ್ಟು ಬೇಡವಾದವಳಾ ಎಂದೆ. ಅತ್ತೆ ಮಸಾಲೆಯ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತರು.

"ಎಂತ ಮಾತಾಡ್ತೆ ನೀನು? ನೀ ಕರೀತೆ ಅಂತ್ಲೇ ಎರಡು ತಿಂಗ್ಳಿಂದ ಅವ್ರು ಆಯ್ತವಾರ ಪ್ಯಾಟಿಗೂ ಹೋಗ್ಲಿಲ್ಲ. ಎಲ್ರದ್ದೂ ಮುಗದ್ ಮೇಲೂ ಆ ಕಿವಿಗೆ ಹಾಕೂದು ಒತ್ತಿ ಹಿಡ್ಕಂಡು ಕೂತೇ ಇರ್ತ್ರು. ಚಾ ಆರಿ ತಣ್ಣಗಾತದೆ. 'ಸೊಳ್ಳೆ ಕೂಗದಂಗೆ ಎಂತದೋ ಕೇಳ್ತದೆ, ಅದು ಅವ್ಳೇ ಆಗಿರ್ಬೇಕು' ಅಂತ್ರು."

ಎಂಟು ಭಾನುವಾರ ಇತ್ತ ನಾನು ಕರೆಯುತ್ತ, ಅತ್ತ ಅವರು ಕಿವಿಗೊಟ್ಟು ಕೂತಿದ್ದೆವು. ನಾಚಿಕೆ ಮತ್ತು ಖುಷಿ ಎರಡೂ ಒಟ್ಟಿಗೆ ಬಂದವು.

ಅತ್ತೆ ನನ್ನ ಕೈಹಿಡಿದು ಜಗಲಿಗೆ ಕರೆತಂದು ಮಾವನ ಎದುರು ನಿಲ್ಲಿಸಿದರು. ವಿಚಾರಣೆ ಎಂದಿನ ಕ್ರಮದಲ್ಲೇ ಶುರುವಾಯಿತು.

"ಅವ್ಳಿಗೆ ಕೇಳು, ಮೀಟ್ರು ಎಷ್ಟು ತೋರ್ಸ್ತದೆ?"

"ಒಂದು ಪಾಯಿಂಟ್ ಒಂದು ಅಂತ ಹೇಳಿ ಅತ್ತೆ."

"ಯಾವಾಗ್ಲೂ?"

"ಯಾವಾಗ್ಲೂ. ತಂತಿ ಹರಿದಾಗ್ಲೂ ಅಷ್ಟೇ ಇತ್ತು ಅಂತ ಹೇಳಿ."

ಅತ್ತೆ ಒಮ್ಮೆ ಅತ್ತ ಒಮ್ಮೆ ಇತ್ತ ತಿರುಗಿ ಸಾಕಾಗಿ, "ನೀವೇ ಮಾತಾಡ್ಕಣಿ, ನನ್ನ ಬಂಗಡೆ ಸುಡ್ತಾ ಅದೆ" ಎಂದು ಒಳಗೆ ಹೋಗಿಬಿಟ್ಟರು. ಜಗಲಿಯಲ್ಲಿ ಮಾವ, ನಾನು ಮತ್ತು ಬೆಕ್ಕು ಉಳಿದೆವು. ಮಾವ ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು, ಆಮೇಲೆ ತುಂಬ ಗಂಭೀರವಾಗಿ ಬೆಕ್ಕಿಗೆ ಹೇಳಿದರು:

"ಕೇಬಲ್ಲಿನ ತುದಿಯಿಂದ ತಂತಿ ಬಿಚ್ಚಿ ತೆಗೀಬೇಕು. ಆಂಟೆನಾ ಇಲ್ದೇ ಒಂದು ಗಳಿಗೆ ಮೀಟ್ರು ನೋಡ್ಬೇಕು. ಮುಳ್ಳು ಪೂರಾ ಆಚೆ ಹೋಗಿ ಬೀಳ್ಬೇಕು. ಹಂಗೂ ಒಂದೇ ತೋರ್ಸಿದ್ರೆ, ಹೋದದ್ದನ್ನೆಲ್ಲ ಕೇಬಲ್ಲೇ ತಿಂತದೆ."

ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು. ನಾನೇ "ಆತು" ಎಂದೆ.

ಬೊಬ್ರುವಾಡಕ್ಕೆ ಬಂದವಳೇ ಚೀಲ ಕೆಳಗಿಡುವ ಮೊದಲು ಅಂಗಳಕ್ಕೆ ಹೋಗಿ ಹಗ್ಗ ಸಡಿಲಿಸಿ ಆಂಟೆನಾ ಕೆಳಗಿಳಿಸಿ ತಂತಿಯನ್ನು ಬಿಚ್ಚಿದೆ. ಕೇಬಲ್ಲಿನ ತುದಿ ಬರಿದಾಗಿ ಜೋತಾಡುತ್ತಿತ್ತು. ಒಳಗೆ ಬಂದು ಸ್ವಿಚ್ ಒತ್ತಿದೆ. ಆಂಟೆನಾವೇ ಇಲ್ಲದ ನನ್ನ ಸ್ಟೇಷನ್ನಿಗೆ ಮೀಟರು ತೋರಿಸಿದ್ದು ಒಂದು ಪಾಯಿಂಟ್ ಎರಡು. ನಾನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಮ್ಮನೆಯವರು ಕತ್ತಿ ತಂದು ಕೇಬಲ್ಲನ್ನು ಉದ್ದಕ್ಕೆ ಸೀಳಿದರು. ಮಿಂಚುವ ಕರಿ ಸಿಪ್ಪೆಯ ಒಳಗೆ ತಾಮ್ರದ ಜಾಲರಿ ಹಸಿರು ಹಿಟ್ಟಾಗಿತ್ತು. ಹಿಂಡಿದರೆ ನೀರು ಜಿನುಗಿತು. ಅವರು ಬೆರಳಿಗೆ ತಗುಲಿದ್ದನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು.

"ಉಪ್ಪು," ಎಂದರು.

ಎಷ್ಟೋ ವರ್ಷ ಟ್ರಾಲರಿನ ಕಂಬದ ಮೇಲೆ ಕೂತು ಸಮುದ್ರವನ್ನು ಕುಡಿದ ಕೇಬಲ್ಲನ್ನು ನಾವು ಸಾಬೂನು ಹಾಕಿ ತೊಳೆದಿದ್ದೆವು. ಮಾವನ ದೊಡ್ಡ ಸೆಟ್ಟಿನ ದನಿ ಅದನ್ನು ದಾಟಿಯೂ ನನಗೆ ಕೇಳುವಷ್ಟು ಉಳಿಯುತ್ತಿತ್ತು, ನನ್ನ ಹಳೇ ಸೆಟ್ಟಿನದು ಹೊರಗೆ ಹೋಗುವಷ್ಟರಲ್ಲಿ ಸೊಳ್ಳೆಯಷ್ಟಾಗುತ್ತಿತ್ತು. ಪಾಪ, ಮೀಟರಿನದೇನೂ ತಪ್ಪಿರಲಿಲ್ಲ. ಎಷ್ಟು ವಾಪಸ್ಸು ಬಂತು ಎಂದು ಕೇಳಿದ್ದೆ, ಏನೂ ಬಂದಿಲ್ಲ ಎಂದಿತ್ತು. ಹಾಗಾದರೆ ಎಲ್ಲಿಗೆ ಹೋಯಿತು ಎಂದು ನಾನು ಕೇಳಲೇ ಇಲ್ಲ. ವಾಪಸ್ಸು ಬಾರದ್ದೆಲ್ಲ ಮಾವನಿಗೆ ತಲುಪಿದೆ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿ ಅವರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಈ ಸಲ ಅಂಗಡಿಯಿಂದ ಹೊಸ ಕೇಬಲ್ಲು ತಂದೆವು. ಮೀಟರು ಎರಡು ಪಾಯಿಂಟ್ ನಾಲ್ಕು ಎಂದಿತು. ಎಂಥ ಕೆಟ್ಟ ಅಂಕೆ! ನೋಡಿ ನನಗೆ ಬಹಳ ಸಂತೋಷವಾಯಿತು. ಮೂರು ಸಂಜೆ ಆಂಟೆನಾ ಇಳಿಸಿ, ತುದಿಗಳನ್ನು ಗೇಣಿನಷ್ಟು ಮಡಚಿ, ಮತ್ತೆ ಏರಿಸಿ, ಮತ್ತೆ ನೋಡಿದೆ. ಎರಡು. ಒಂದು ಪಾಯಿಂಟ್ ಎಂಟು. ಕೊನೆಗೆ ಒಂದೂವರೆಗೆ ಬಂದು ನಿಂತಿತು. ಒಮ್ಮೆ ತಂತಿ ಬಿಚ್ಚಿಯೂ ನೋಡಿದೆ, ಮುಳ್ಳು ದಡಕ್ಕನೆ ಆಚೆಯ ಕೊನೆಗೆ ಹೋಗಿ ಹೊಡೆಯಿತು. ಕೂಡಲೇ ಸ್ವಿಚ್ ಬಿಟ್ಟು, ಆ ಅಗ್ಗದ ಡಬ್ಬಿಯ ಬೆನ್ನು ತಟ್ಟಿದೆ.

ಭಾನುವಾರ ಬಂತು. ಪಾಯಸ ಮಾಡಲಿಲ್ಲ, ಒಳ್ಳೆಯ ಸೀರೆಯನ್ನೂ ಉಡಲಿಲ್ಲ. ಮಾವನ ದನಿ ಮೊದಲಿಗಿಂತ ಗಟ್ಟಿಯಾಗಿ, ಪಕ್ಕದ ಕೋಣೆಯಲ್ಲೇ ಇದ್ದಾರೇನೋ ಎಂಬಂತೆ ಕೇಳಿತು. ಅವರು ಎಲ್ಲರಿಗೂ ನಮಸ್ಕಾರ ಹೇಳಿ ಮುಗಿಸಿದರು. ನಾನು ನನ್ನ ಕಾಲ್‌ಸೈನ್ ಹೇಳಿದೆ. ಅವರದನ್ನೂ ಹೇಳಿ, "ಓವರ್" ಎಂದು ಸ್ವಿಚ್ ಬಿಟ್ಟೆ.

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು.

"ತಂಗಿ, ಕೇಳ್ತಾ ಅದೆ. ಚಂದ ಕೇಳ್ತಾ ಅದೆ. ಓವರ್."

ತಂಗಿ! ನಮ್ಮ ಕಡೆ ಹೆತ್ತ ಮಗಳನ್ನೂ ಹಾಗೇ ಕರೆಯುತ್ತಾರೆ. ಎಂಟು ವರ್ಷ ನಾನು ಆ ಮನೆಯಲ್ಲಿ 'ಅವಳು' ಆಗಿದ್ದೆ. "ಮಾವ, ನಿಮ್ಮ ದನಿನೂ ಚಂದ ಕೇಳ್ತದೆ. ಆರಾಮಾ? ಓವರ್" ಎಂದಷ್ಟೇ ಹೇಳಲು ಆಯಿತು.

"ಆರಾಮ," ಎಂದರು ಮಾವ. "ನಿನ್ನ ಹತ್ರ ಒಂದು ಮಾತು ಹೇಳೂದಿತ್ತು. ನೀ ಮಾಡೂ ಚಾಕ್ಕೆ ಸಕ್ರೆ ಬಾಳ ಜಾಸ್ತಿ ಆತದೆ. ಒಂದು ಚಮಚ ಸಾಕು. ಎಂಟು ವರ್ಷದಿಂದ ಹೇಳ್ಬೇಕು ಅಂತಿದ್ದೆ."

ಅವರಿನ್ನೂ ಸ್ವಿಚ್ ಬಿಟ್ಟಿರಲಿಲ್ಲ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅಯ್ಯ, ನನ್ನ ಹತ್ರ ಹೇಳಿದ್ರೆ ನಾ ಅವ್ಳಿಗೆ ಹೇಳ್ತಿದ್ನಲ್ರಾ!"

"ನಿನ್ನ ಕೈಲಿ ಹೇಳ್ಸಿದ್ರೆ ಅವ್ಳಿಗೆ ಬೇಜಾರಾತಿತ್ತು," ಎಂದು ಮಾವ ಅತ್ತೆಗೆ ಹೇಳಿದರು. "ಈಗ ನೀ ಸುಮ್ನಿರು. ಇದ್ರಲ್ಲಿ ಮೂರನೆಯವ್ರ ಮಾತಿಲ್ಲ." ಆಮೇಲೆ ನನಗೆ, "ಓವರ್."

ಎಂಟು ವರ್ಷ, ನಾನು ಹೋದಾಗಲೆಲ್ಲ ದಿನಕ್ಕೆರಡು ಲೋಟ, ಲೋಟಕ್ಕೆ ಮೂರು ಚಮಚ. ಒಂದು ತೊಟ್ಟೂ ಉಳಿಸದೆ ಕುಡಿದಿದ್ದರು. ನಾನು ಸ್ವಿಚ್ ಒತ್ತಿದೆ. ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಬಿಟ್ಟೆ.

ಹಡಗಿನಲ್ಲಿ ಎಷ್ಟೋ ವರ್ಷ ಕಿವಿಗೊಟ್ಟು ಕೂತಿದ್ದ ಮನುಷ್ಯ. ಮಾತಿಲ್ಲದ ಬರೀ ಅಲೆ ಬಂದರೂ ಅವರಿಗೆ ಗೊತ್ತಾಗುತ್ತದೆ.

"ತಂಗಿ, ಅಲೆ ಬತ್ತಾ ಅದೆ, ಮಾತು ಬತ್ತಾ ಇಲ್ಲ. ಮೈಕ್ ನೋಡು. ಓವರ್."

ಮೈಕು ಸರಿಯಾಗಿಯೇ ಇತ್ತು.